ದೊಡ್ಡಮ್ಮ ಸ್ಟೀರಿಂಗ್ ಹಿಡಿದ ಮಧ್ಯಾಹ್ನ

ಬಿಸಿಲಿಗೆ ಕಾದ ತೊಗಲಿನ ವಾಸನೆ ಬಂದರೆ ಈಗಲೂ ನನಗೆ ದೊಡ್ಡಪ್ಪನ ಕಾರಿನ ಸೀಟು ನೆನಪಾಗುತ್ತದೆ. ಬ್ರಿಟಿಷ್ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೊರಟಾಗ ದೊಡ್ಡಪ್ಪನಿಗೆ ಮಾರಿಹೋದ ಹಳೆಯ ಕಾರು ಅದು. ರಜೆ ಬಂತೆಂದರೆ ದೊಡ್ಡಪ್ಪ, ದೊಡ್ಡಮ್ಮ ಆದೋನಿಯಿಂದ ಊರೂರು ಸುತ್ತುತ್ತಿದ್ದರು. ನನ್ನ ಪುಣ್ಯ, ಎಂಟು ವರ್ಷದ ನನ್ನನ್ನೂ ಕರೆದೊಯ್ಯುತ್ತಿದ್ದರು.

ಅಂದು ಮಂತ್ರಾಲಯದ ದಾರಿಯಲ್ಲಿ ದೊಡ್ಡಪ್ಪ ಎತ್ತಿನ ಗಾಡಿಯೊಂದಕ್ಕೆ ಇನ್ನೇನು ಗುದ್ದುವಷ್ಟರಲ್ಲಿ ಬ್ರೇಕ್ ಹಾಕಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ಒರೆಸಿದರು.

“ದಾರಿನ ಕಾಣವಲ್ದು. ನಿನಗ ಕಲಿಸೀನಲ್ಲ, ಇನ್ನ ನೀನ ನಡಸು,” ಎಂದರು.

“ಮಂದಿ ನೋಡಿದರ ಏನಂತಾರ್ರಿ?” ಎಂದರು ದೊಡ್ಡಮ್ಮ.

“ನೋಡ್ಲಿ ಬಿಡು. ನನಗಂತೂ ಅವರು ಕಾಣಂಗಿಲ್ಲ.”

ದೊಡ್ಡಮ್ಮ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, ಅದನ್ನು ಸೊಂಟಕ್ಕೆ ಸಿಗಿಸಿ ಸ್ಟೀರಿಂಗ್ ಹಿಡಿದರು. ಕಾರು ಎರಡು ಸಲ ಕುಪ್ಪಳಿಸಿ ಹೊರಟಿತು.

“ಎಡಕ್ಕ ಹತ್ತಿ ಹೊಲ ಐತಿ, ಬೆಳ್ಳಗ ಅರಳೈತಿ. ಹೆಣ್ಮಕ್ಕಳು ಹತ್ತಿ ಬಿಡಸಾಕತ್ತಾರ,” ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ನನಗೇ ತೋರಿಸುತ್ತಿದ್ದಾರೆಂದುಕೊಂಡು ನಾನು ಒಂದೊಂದಕ್ಕೂ “ಹೂಂ” ಎಂದೆ.

ದೊಡ್ಡಪ್ಪ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೇಳಿದರು: “ಎಷ್ಟ ಮಂದಿ ಅದಾರ?”

ದೊಡ್ಡಮ್ಮ ಕಾರು ನಿಧಾನ ಮಾಡಿ ಎಣಿಸತೊಡಗಿದರು.