ಬಿಟ್ಟುಹೋದ ‘ಅಂತೆ’

“ಅಲ್ರಾಯ್‌ನೇ ಪಂಪ್ ಕದ್ದದ್ದಂತೆ,” ಎಂದು ಕಟಕಟೆಯಲ್ಲಿ ನಿಂತ ಜಲಜಾಕ್ಷಿ ಸಾಕ್ಷಿ ಹೇಳಿದಳು. ಕಾಸರಗೋಡಿನ ಆ ಕೋರ್ಟಿನ ನ್ಯಾಯಾಧೀಶರಿಗೆ ಕನ್ನಡ ಬಾರದು. ಗುಮಾಸ್ತ ಮುರಳೀಕೃಷ್ಣ ಅದನ್ನು ಮಲಯಾಳಕ್ಕೆ ತಿರುಗಿಸಿದ: ‘ಅಲ್ರಾಯ್ ಪಂಪ್ ಕದ್ದ.’ ಹಾಗೆಯೇ ಟೈಪೂ ಆಯಿತು.

ಆರೋಪಿ ಅಲ್ರಾಯ್ ತಲೆ ತಗ್ಗಿಸಿದ. ಬೆಳ್ಳೂರಿನ ಲೋಕಯ್ಯನವರ ಕೆರೆಯ ಪಂಪ್ ಕಾಣೆಯಾದಂದಿನಿಂದ ಊರೆಲ್ಲ ಅವನದೇ ಸುದ್ದಿ. ಪಂಪ್ ರಿಪೇರಿ ಮಾಡುವ ಅವನಿಗಲ್ಲದೆ ಅದನ್ನು ಬಿಚ್ಚಲು ಬೇರೆ ಯಾರಿಗೆ ಬರುತ್ತದೆ? ಊರ ಬಾಯಿಗೆ ಬೀಗ ಹಾಕುವವರು ಯಾರು! ಕತಾರಿನಲ್ಲಿ ಅವನಿಗೊಂದು ಕೆಲಸ ಕಾದಿತ್ತು. ಕೇಸು ಮುಗಿಯದೆ ಪೊಲೀಸ್ ಸರ್ಟಿಫಿಕೇಟ್ ಇಲ್ಲ, ಅದಿಲ್ಲದೆ ವೀಸಾ ಇಲ್ಲ. ಅವನ ವಿರುದ್ಧ ಇದ್ದದ್ದು ಒಬ್ಬಳೇ ಸಾಕ್ಷಿ, ‘ಕಣ್ಣಾರೆ ಕಂಡವಳು’ ಎಂದು ಪೊಲೀಸರು ಬರೆದುಕೊಂಡಿದ್ದ ಈ ಜಲಜಾಕ್ಷಿ.

ಅಲ್ರಾಯ್‌ನ ವಕೀಲೆ ನಮಿತಾ ಬದಿಯಡ್ಕದ ಕನ್ನಡ ಶಾಲೆಯಲ್ಲಿ ಕಲಿತವಳು. ತಟ್ಟನೆ ಎದ್ದು, ಭಾಷಾಂತರದಲ್ಲಿ ಒಂದು ‘ಅಂತೆ’ ಬಿಟ್ಟುಹೋಗಿದೆ ಎಂದಳು.

“ಅಷ್ಟು ಸಣ್ಣ ಪದದಲ್ಲಿ ಎಂತ ಉಂಟು ಮೇಡಂ?” ಮುರಳೀಕೃಷ್ಣ ಗೊಣಗಿದ.

“ಇವನ ವೀಸಾ ಉಂಟು.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ತಾವೇ ಪ್ರಶ್ನೆ ಕೇಳತೊಡಗಿದರು. ಮುರಳೀಕೃಷ್ಣ ಈಗ ಒಂದಕ್ಷರವನ್ನೂ ಬಿಡದೆ ತಿರುಗಿಸಿದ.

“ಕದ್ದದ್ದನ್ನು ನೀವು ಕಂಡಿದ್ದೀರಾ?”

“ಇಲ್ಲಪ್ಪ. ಪಕ್ಕದ ಮನೆಯ ಪರಮೇಶ್ವರಿ ಹೇಳಿದ್ದು. ಪೊಲೀಸರಿಗೂ ನಾನು ‘ಅಂತೆ’ ಅಂತಲೇ ಹೇಳಿದ್ದೆ.”

“ಪರಮೇಶ್ವರಿ ಕಂಡಿದ್ದಾರಾ?”

“ಅವಳಿಗೆ ಹಾಲಿನ ಸೊಸೈಟಿಯಲ್ಲಿ ಯಾರೋ ಹೇಳಿದ್ದಂತೆ.”

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ನಗಲಿಲ್ಲ. “ಯಾರೋ ಹೇಳಿದ್ದು ಇಲ್ಲಿ ಸಾಕ್ಷಿಯಾಗುವುದಿಲ್ಲ. ನೀವು ಸ್ವತಃ ಕಂಡದ್ದೇನು, ಅದನ್ನು ಮಾತ್ರ ಹೇಳಿ.”

ಜಲಜಾಕ್ಷಿಗೆ ಹುಟ್ಟಿದ ಮೇಲೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಕಟಕಟೆ ಹತ್ತಿದ ಮೇಲೆ ಅವಳು ಮೊದಲ ಸಲ ಅಲ್ರಾಯ್‌ನ ಮುಖ ನೋಡಿದಳು. ಹುಡುಗ ಸೊರಗಿದ್ದ. ತಾನು ಹಗುರಾಗಿ ಆಡಿದ ಮಾತು ಇವನನ್ನು ಇಲ್ಲಿಗೆ ತಂದು ನಿಲ್ಲಿಸಿತಲ್ಲ ಎಂದುಕೊಂಡಳು.

“ನಾನು ಕಂಡದ್ದು... ಆ ಪಂಪ್ ಹಾಳಾದಾಗ ಇವನು ಸೊಂಟದವರೆಗೆ ನೀರಿನಲ್ಲಿ ನಿಂತು ಸರಿಮಾಡಿದ್ದು. ಬೇರೆ ಎಂತದ್ದೂ ನಾನು ಕಾಣ್ಲಿಲ್ಲ.”

ಟೈಪಾಗಿದ್ದ ಸಾಲನ್ನು ತಿದ್ದಿದರು. ಸರಕಾರಿ ವಕೀಲರಿಗೆ ಮತ್ತೆ ಕೇಳಲು ಏನೂ ಉಳಿಯಲಿಲ್ಲ.

ಹೊರಗೆ ವರಾಂಡದಲ್ಲಿ ಅಲ್ರಾಯ್ ಓಡಿಬಂದ. ಎಷ್ಟೋ ತಿಂಗಳ ಬಳಿಕ ಅವನ ಮುಖ ಅರಳಿತ್ತು. “ಜಲಜಕ್ಕ, ಕೇಸು ಇನ್ನು ಬಿದ್ದುಹೋಗ್ತದಂತೆ!”

“ಪುನಃ ಅಂತೆ ಎಂತಕ್ಕೆ ಮಾರಾಯ?” ಜಲಜಾಕ್ಷಿ ಸೆರಗು ಸರಿಮಾಡಿಕೊಂಡಳು. “ತೀರ್ಪಿನ ದಿನ ನಾನೇ ಬಂದು ಕಣ್ಣಾರೆ ನೋಡ್ತೇನೆ. ಆಮೇಲೆ ಊರಿಗೆಲ್ಲ ಹೇಳುವ ಕೆಲಸ ನನಗೆ ಬಿಡು.”