ಸಡಿಲವಾದ ಅರ್ಥ್ ವೈರು

ಗಂಡ ಹೆಡ್‌ಫೋನ್ ಹಾಕಿಕೊಂಡು, ಹಳೆಯ ಕ್ಯಾಸೆಟ್ಟೊಂದರಲ್ಲಿ, ಹೊರಗೆ ಕ್ಷೀಣವಾಗಷ್ಟೇ ಕೇಳಿಸುವ ಯಾವುದೋ ಹೆಣ್ಣಿನ ಹಾಡು ಕೇಳುತ್ತ ಮೈಮರೆಯುವುದನ್ನು ಕಂಡರೆ ವಾಸಂತಿಗೆ ಹೊಟ್ಟೆ ಉರಿಯುತ್ತಿತ್ತು. ಅವನ ಮೊದಲ ಹೆಂಡತಿ ಚೆನ್ನಾಗಿ ಹಾಡುತ್ತಿದ್ದಳಂತೆ. ಸವತಿ ಸತ್ತರೂ ಅವಳ ದನಿ ಸತ್ತಿರಲಿಲ್ಲ. ಒಂದು ಮಧ್ಯಾಹ್ನ, ಹಾಡು ಕೆಡಲೆಂದು, ಆಂಪ್ಲಿಫೈಯರಿನ ಅರ್ಥ್ ವೈರನ್ನು ಮೆಲ್ಲಗೆ ಸಡಿಲಿಸಿಟ್ಟಳು.

"ಹಾಡಿನ ತುಂಬ ಗುಂಯ್ ಅಂತಿದೆ ಕಣೇ," ಎನ್ನುತ್ತ ಅವನು ವಾರವಿಡೀ ಕೇಬಲ್ಲು, ಪ್ಲಗ್ಗು ಬದಲಿಸಿ ನೋಡಿದ.

"ಬಿಸಾಕ್ರೀ ಆ ಹಳೇ ಕ್ಯಾಸೆಟ್ಟನ್ನ! ಹಾಡೋಕೆ ನಾನಿಲ್ವಾ?"

"ನೀನು ಹಾಡೋದು ಬಿಟ್ಟು ಎಷ್ಟು ವರ್ಷ ಆಯ್ತು ಹೇಳು?"

ಕೊನೆಗೂ ಆ ವೈರು ಅವನ ಕಣ್ಣಿಗೆ ಬಿತ್ತು. ಬಿಗಿಮಾಡಿ, ಹೆಡ್‌ಫೋನನ್ನು ಅವಳ ಕಿವಿಗೇ ಇಟ್ಟ.

ಗುಂಯ್ ಸದ್ದು ಇರಲಿಲ್ಲ. ತೀರಿಹೋದ ತನ್ನ ಅಪ್ಪನ ದನಿ ಸ್ಪಷ್ಟವಾಗಿ ಕೇಳಿಸಿತು: "ನಾಚ್ಕೋಬೇಡ ವಾಸಂತಿ, ಹೆಣ್ಣು ನೋಡೋಕೆ ಬಂದೋರ ಮುಂದೆ ಒಂದು ಹಾಡು ಹೇಳಮ್ಮ."