ಮೂವರು ಹೊತ್ತ ಚಟ

ಇವತ್ತು ನನ್ನ ಬೀಡಿ ಚಟ ನನಗೆ ವಾಪಸ್ ಬರುವ ದಿನ! ಅರಸೀಕೆರೆ ಆಟೋ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಯಾರಿಗೂ ಬಾಡಿಗೆ ಕಡೆ ಗಮನವೇ ಇಲ್ಲ.

ಸಕ್ಕರೆ ಕಾಯಿಲೆಯ ಅಮ್ಮನ ಸಿಹಿ ಚಪಲವನ್ನು ನಮ್ಮತ್ತಿಗೆ ಹೊತ್ತಿಲ್ಲವೇ? ಹಾಗೇ ನನ್ನ ಚಟವನ್ನೂ ಗೆಳೆಯರು ಮೂರು ಪಾಲು ಮಾಡಿ, ಅಂಗೈಗೆ ಅಂಗೈ ಒತ್ತಿ ತಗೊಂಡು, ಬೇಸಿಗೆಯಿಡೀ ಹೊತ್ತಿದ್ದರು. ಬೀಡಿ ಮುಟ್ಟಿಯೂ ಗೊತ್ತಿಲ್ಲದವರು, ಪಾಪ! ಆಸೆ ಕೆರಳಿದಾಗೆಲ್ಲ ನಜೀರ್ ಹುರಿಗಡಲೆ ಮುಕ್ಕುತ್ತಿದ್ದ. ಗಂಗಾಧರ ಗಟ್ಟಿಯಾಗಿ ಹಾಡುತ್ತಿದ್ದ. ಟೀ ಅಂಗಡಿ ಪುಟ್ಟತಾಯಕ್ಕ ಮಾತ್ರ ಸೀದಾ ನನ್ನ ಆಟೋ ಹತ್ತಿರ ಬಂದು ಜಗಳ ತೆಗೆಯುತ್ತಿದ್ದಳು. ನಾನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದೆ. ಬೈಯುತ್ತಿದ್ದದ್ದು ನನ್ನ ಚಟವೇ ತಾನೇ?

"ತಿಪ್ಪೇಶೀ, ತಡ್ಕೊಳ್ಳೋಕಾಗಲ್ಲ ಅಂದ್ರೆ ಹೇಳು. ಇನ್ನೊಂದು ತಿಂಗಳು ನಾವೇ ಇಟ್ಕೋತೀವಿ," ಎಂದ ನಜೀರ್.

"ಕೊಡ್ರೋ, ಆಗಿದ್ದಾಗ್ಲಿ!" ಎಂದೆ. ಅಂಗೈ ಒಡ್ಡಿದೆ.

ಮೂರೂ ಅಂಗೈ ನನ್ನ ಅಂಗೈ ಮೇಲೆ ಬಿದ್ದವು. ಟೀ ಕುಡಿದೆ. ಟೀ ಆದಮೇಲೇ ಅಲ್ಲವೇ ಅದು ಬರೋದು! ಬಂತು. ಮೊದಲಿನಷ್ಟೇ ಜೋರಾಗಿ ಬಂತು. ಕೈ ತಾನಾಗಿ ಜೇಬಿನ ಕಡೆ ಹೊರಟಿತು, ನಡುವೆ ನಿಂತಿತು, ಆಮೇಲೆ ನಜೀರನ ಮುಂದೆ ಚಾಚಿಕೊಂಡಿತು.

"ಒಂದು ಹಿಡಿ ಕಡಲೆ ಹಾಕೋ!"

ಅಗಿಯುತ್ತಿದ್ದ ಹಾಗೇ ಬಾಯಿಗೆ ಹಾಡು ಬಂತು. ಗಂಗಾಧರ ಕುಣಿದೇಬಿಟ್ಟ. ಆದರೂ ಆಸೆ ಪೂರ್ತಿ ತಣಿಯಲಿಲ್ಲ, ಒಂದು ಪಾಲು ಉಳಿದೇ ಇತ್ತು. ತಡೆಯಲಾರದೆ ಪುಟ್ಟತಾಯಕ್ಕನ ಕಡೆ ತಿರುಗಿದೆ.

"ಏನಕ್ಕಾ ಇದು, ಟೀನೋ ಕಲಗಚ್ಚೋ?"

ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಅಕ್ಕ ಸೌಟು ಎತ್ತಿದಳು.

"ಬಾರೋ, ಬಾ! ಇಷ್ಟು ದಿನ ಒಬ್ಬಳೇ ಜಗಳ ಆಡಿ ಆಡಿ ಸಾಕಾಗಿತ್ತು ಕಣೋ!"